ವರ್ಮಾಂಟ್, ನ್ಯೂ ಹ್ಯಾಂಪ್‌ಶೈರ್ ಕಡಿ ಎಲ್ಲಕ್ಕಿಂತ ಕಠಿಣ ಸ್ಕೀ ಟ್ರೈಲ್ ಯಾವ್ದು? ಹೋಗಿ ಬಂದವ್ರು ಹೇಳ್ರಿ

ಗಂಜ್ ಹುಡ್ಗ (ಕಲಬುರಗಿ)

ಎಲ್ಲರಿಗೂ ಶರಣು ಶರಣಾರ್ಥಿ. ಬ್ಯಾಸಗಿ ರಜಾಕ್ಕ ಊರಿಗೆ ಬಂದೀನಿ, ಇಲ್ಲಿ 42 ಡಿಗ್ರಿ ಬಿಸಲು, ಮಧ್ಯಾಹ್ನ ಹೊರಗ ಕಾಲಿಡಂಗಿಲ್ಲ, ಕೂಲರ್ ಮುಂದ ಕುಂತು ನಾನು ನಮ್ಮ ಮಾವನ ಮಗ ಇಬ್ರೂ ಸ್ಕೀಯಿಂಗ್ ಬಗ್ಗೆ ವಾದ ಮಾಡ್ಲತ್ತೀವಿ. ಇಬ್ರೂ ಬಾಸ್ಟನ್‌ದಾಗ ಕೆಲಸ, ಚಳಿಗಾಲ ಬಂತಂದ್ರ ಶನಿವಾರ ಕತ್ತಲಿದ್ದಾಗೇ ಎದ್ದು ವರ್ಮಾಂಟ್ ಇಲ್ಲಂದ್ರ ನ್ಯೂ ಹ್ಯಾಂಪ್‌ಶೈರ್ ದಾರಿ ಹಿಡಿಯೋದು. ಅವಾ ಅಂತಾನ, ವರ್ಮಾಂಟ್‌ನ ಕಿಲ್ಲಿಂಗ್ಟನ್ ಸ್ಕೀ ಗುಡ್ಡದಾಗಿನ ಔಟರ್ ಲಿಮಿಟ್ಸ್‌ಗಿಂತ ಕಠಿಣ ಟ್ರೈಲ್ (ಸ್ಕೀ ಮ್ಯಾಲ ಇಳಿಯೋ ದಾರಿ) ಆ ಭಾಗದಾಗೇ ಇಲ್ಲಂತ. ನಾ ಅಂತೀನಿ, ಸ್ಟೋದಾಗಿನ ಗೋಟ್ ಟ್ರೈಲ್ ಅದಕ್ಕಿಂತ ಎರಡು ಪಟ್ಟು ಕಠಿಣ. ನಮ್ಮ ಭಾಗದ ಮಂದಿ ಭಾಳ ಜನ ಆ ಕಡಿ ಅದೀರಿ ಅಂತ ಗೊತ್ತದ, ನೀವೇ ಹೇಳ್ರಿ.

ಗೊತ್ತಿಲ್ಲದವ್ರಿಗೆ ಒಂದು ಮಾತು. ಅಲ್ಲಿ ಗುಡ್ಡ ಭಾಳ ಎತ್ತರ ಅಲ್ಲ. ಸ್ಟೋ ಇರೋ ಮೌಂಟ್ ಮ್ಯಾನ್ಸ್‌ಫೀಲ್ಡ್ ವರ್ಮಾಂಟ್‌ನಾಗೇ ಎಲ್ಲಕ್ಕಿಂತ ಎತ್ತರದ್ದು, ಅದೇ 1,340 ಮೀಟರ್ ಆಜುಬಾಜು, ನಮ್ಮ ನಂದಿ ಬೆಟ್ಟ 1,478. ಈಶಾನ್ಯ ಅಮೆರಿಕಾಕ್ಕೆಲ್ಲ ದೊಡ್ಡದು ಮೌಂಟ್ ವಾಷಿಂಗ್ಟನ್, 1,917 ಮೀಟರ್, ಅದೂ ಮುಳ್ಳಯ್ಯನಗಿರಿಗಿಂತ ಸ್ವಲ್ಪ ಕಡಿಮಿನೇ. ಹಿಂಗಾಗಿ ಕೊಲೊರಾಡೊ ಕಡಿಯವ್ರು ಇವನ್ನ ಗುಡ್ಡಂತ ಲೆಕ್ಕಕ್ಕೇ ಹಿಡ್ಯಂಗಿಲ್ಲ. ಆದ್ರ ಅಲ್ಲೇ ಸ್ಕೀ ಕಲ್ತು ಬಂದವ್ರು ಗೋಟ್ ಬಾಯಾಗ ನಿಂತಾಗ ಮಾತು ನಿಂತಿದ್ದು ನಾ ಕಣ್ಣಾರೆ ನೋಡೀನಿ.

ಯಾಕಂದ್ರ, ಅಲ್ಲಿ ನಿಂತು ಕೆಳಗ ನೋಡಿದ್ರ ಎರಡೂ ಕಡಿ ಒತ್ತಾಗಿ ಗಿಡ, ನಡುವ ಒಂದು ಸಣ್ಣ ಓಣಿ ಅಷ್ಟೇ. ಓಣಿ ತುಂಬ ಮೊಗಲ್, ಅಂದ್ರ ಮಂದಿ ತಿರುಗಿ ತಿರುಗಿ ಎದ್ದಿರೋ ಹಿಮದ ದಿಬ್ಬ, ಸೊಂಟದ ಮಟ್ಟ ಬರ್ತಾವ ಕೆಲವು. ಮತ್ತ ಇಳಿಜಾರು ಬರೇ ಕೆಳಗ ಇಲ್ಲ, ಬಗಲಿಗೂ ವಾಲ್ಯಾದ, ಡಬಲ್ ಫಾಲ್ ಲೈನ್ ಅಂತಾರ ಇದಕ್ಕ. ನೀವು ಕೆಳಗ ಹೋಗ್ಬೇಕಂತ ತಿರುಗ್ತೀರಿ, ಗುಡ್ಡ ನಿಮ್ಮನ್ನ ಗಿಡದ ಕಡಿ ಎಳೀತದ. ಪ್ರತಿ ತಿರುವಿನಾಗೂ ಅದನ್ನ ತಡಕೋತ ತಡಕೋತ ಇಳೀಬೇಕು, ತೊಡಿ ಉರೀತಾವ, ಎಲ್ಲರೆ ನಿಂತು ದಮ್ ತಗೋಬೇಕಂದ್ರ ನಿಂದ್ರಲಿಕ್ಕ ಸಪಾಟ ಜಾಗಾನೇ ಇಲ್ಲ.

ಸೇಡಂ ಅಕ್ಕ

ಗೋಟ್ ಕಠಿಣ ಅದ, ಒಪ್ತೀನಿ ತಮ್ಮಾ. ಆದ್ರ ಗೋಟ್‌ಗೆ ಹೋಗೋ ಮುಂದ ಮ್ಯಾಡ್ ರಿವರ್ ಗ್ಲೆನ್‌ಗೆ ಹೋಗಿ ಪ್ಯಾರಡೈಸ್ ಇಳದು ಬಾ, ಆಮ್ಯಾಲ ಮಾತಾಡೋಣು.

ಆ ಗುಡ್ಡದ ಕಥಿನೇ ಬ್ಯಾರೆ. ಮಾಲಕ ಯಾರೂ ಒಬ್ಬರಿಲ್ಲ, 1995ರಿಂದ ಅಲ್ಲಿ ಸ್ಕೀ ಮಾಡಾವ್ರೇ ಶೇರ್ ತಗೊಂಡು ಸಹಕಾರಿ ಸಂಘ ಮಾಡ್ಕೊಂಡು ನಡಸ್ತಾರ. ಒಂದೇ ಸೀಟಿನ ಚೇರ್ ಲಿಫ್ಟ್ ಅದ, 1948ರದ್ದು, ಹಳೇದಾದಾಗ ಕಿತ್ತು ದೊಡ್ಡದು ಹಾಕ್ರಿ ಅಂತ ಯಾರೂ ಅನ್ನಲಿಲ್ಲ, ಅದನ್ನೇ 2007ರಾಗ ಮತ್ತ ಹೊಸದಾಗಿ ಕಟ್ಟಿದ್ರು, ಒಂದೇ ಸೀಟಿಂದೇ. ಯಾಕ? ಲಿಫ್ಟ್ ದೊಡ್ಡದಾದ್ರ ಗುಡ್ಡದ ಮ್ಯಾಲ ಮಂದಿ ಹೆಚ್ಚಾಗ್ತಾರ, ಮಂದಿ ಹೆಚ್ಚಾದ್ರ ಹಿಮ ಲಗೂನ ಕೆರ್ಕೊಂಡು ಹೋಗ್ತದ. ಸ್ನೋಬೋರ್ಡ್ ಬಿಡಂಗಿಲ್ಲ. ಮಷೀನ್‌ದಿಂದ ಮಾಡಿ ಹಾಕೋ ಹಿಮ ಅಂತೂ ಭಾಳ ಕಡಿಮಿ, ಮ್ಯಾಲಿಂದ ಬಿದ್ದಷ್ಟು ಬಿತ್ತು, ಇಲ್ಲಂದ್ರ ಇಲ್ಲ.

ಪ್ಯಾರಡೈಸ್ ಆ ಗುಡ್ಡದಾಗಿನ ಗಟ್ಟಿ ಟ್ರೈಲ್. ಹೆಸರಿನ ಬೋರ್ಡೂ ಇರಲಾರದ ಜಾಗಾದಿಂದ ಗಿಡದ ಸಂದಿಯಾಗ ಒಳಗ ಹೋಗ್ಬೇಕು. ಸ್ವಲ್ಪ ಕೆಳಗ ಹೋದ ಮ್ಯಾಲ ಒಂದು ಸಣ್ಣ ಝರಿ ಹೆಪ್ಪುಗಟ್ಟಿ ನಿಂತಿರ್ತದ, ಹಳದಿ ಐಸ್ ಗ್ವಾಡಿ. ಅದನ್ನ ಜಿಗೀಬೇಕು, ಇಲ್ಲಂದ್ರ ಬಗಲಿಂದ ಗಿಡಕ್ಕ ಆತ್ಕೊಂಡು ಜಾರ್ಬೇಕು. ಜಿಗಿದ್ರ ಕೂಡ್ಲೇ ಮುಂದ ತಿರುಗ್ಬೇಕು, ಎದುರಿಗೆ ಮತ್ತ ಬಂಡಿಗಲ್ಲು, ಬೇರು, ಗಿಡ. ಔಟರ್ ಲಿಮಿಟ್ಸ್‌ದಾಗ ಕೆಳಗ ತನಕ ಕಾಣ್ತದ. ಇಲ್ಲಿ ಮುಂದಿನ ಮೂರು ತಿರುವು ಆದ ಮ್ಯಾಲ ಏನದ ಅಂತ ಗೊತ್ತೇ ಇರಂಗಿಲ್ಲ, ನೋಡ್ಕೋತ ಯೋಚನಿ ಮಾಡ್ಕೋತ ಇಳೀಬೇಕು. ನನ್ನ ಮಟ್ಟಿಗೆ ಕಠಿಣ ಅಂದ್ರ ಇದು.

ಬೀದರ್ ಫೌಜಿ

ನೀವೆಲ್ಲ ನಂದಿ ಬೆಟ್ಟದಷ್ಟು ಗುಡ್ಡದ ಬಗ್ಗೆ ಇಷ್ಟು ಮಾತಾಡ್ಲತ್ತೀರಿ. ನಾ ಫೌಜಿನಾಗ ಇದ್ದಾಗ ಗುಲ್ಮಾರ್ಗ್‌ದಾಗ ಸ್ಕೀ ಕಲ್ತಾಂವ. ಊರೇ 2,650 ಮೀಟರ್ ಮ್ಯಾಲ ಅದ, ಗೊಂಡೋಲಾ (ಕೇಬಲ್ ಕಾರ್) ಎರಡನೇ ಹಂತ ಅಫರ್ವಟ್ ಗುಡ್ಡದ ಮ್ಯಾಲ 3,900 ಮೀಟರ್ ದಾಟಿ ಒಯ್ದು ಇಳಸ್ತದ. ಬೆನ್ನ ಮ್ಯಾಲ ಸಾಮಾನು, ಮೊಣಕಾಲ ಮಟ್ಟ ಹಿಮ, ಮ್ಯಾಲ ಅವಲಾಂಚ್ ಅಂದ್ರ ಹಿಮ ಕುಸಿಯೋ ಭಯ, ಉಸುರು ಸಾಲಂಗಿಲ್ಲ. ಅದರ ಮುಂದ 1,300 ಮೀಟರ್ ಗುಡ್ಡದಾಗ ಏನು ಕಠಿಣ ಇರ್ತದ ಅಂತ ತಿಳೀಲಿಲ್ಲ. ಸಿಟ್ಟಿಲೆ ಅಲ್ಲ, ಖರೇನೇ ಕೇಳ್ಲತ್ತೀನಿ, ಹೇಳ್ರಿ.

ಗಂಜ್ ಹುಡ್ಗ (ಕಲಬುರಗಿ)

ಫೌಜಿ ಅಣ್ಣಾ, ನಮಸ್ಕಾರ. ನೀವು ಮಾಡಿದ್ದು ದೊಡ್ಡದೇ, ಅದರಾಗ ಎರಡು ಮಾತಿಲ್ಲ. ಆದ್ರ ಗುಲ್ಮಾರ್ಗ್‌ದಾಗ ನೀವು ಬಿದ್ರ ಹಿಮದಾಗ ಬೀಳ್ತೀರಿ. ವರ್ಮಾಂಟ್‌ನಾಗ ಬಿದ್ರ ಐಸ್ ಮ್ಯಾಲ ಬೀಳ್ತೀರಿ, ಮತ್ತ ನಿಂದ್ರಂಗಿಲ್ಲ, ಜಾರ್ಕೋತ ಹೋಗ್ತೀರಿ.

ಇದರ ಕಾರಣ ಹವಾ. ಆ ಭಾಗ ಅಟ್ಲಾಂಟಿಕ್ ಸಮುದ್ರದ ಬಗಲಿಗೇ ಅದ. ಡಿಸೆಂಬರ್‌ದಾಗ ಚೊಲೊ ಹಿಮ ಬೀಳ್ತದ, ಜನವರಿದಾಗ ಒಮ್ಮಿಂದೊಮ್ಮೆ ಸಮುದ್ರದ ಕಡಿಯಿಂದ ಬೆಚ್ಚನ ಗಾಳಿ ಬಂದು ಮಳಿನೇ ಸುರೀತದ, ಹಿಮದಾಗ ನೀರು ಇಂಗ್ತದ, ಅದೇ ರಾತ್ರಿ ಉತ್ತರದ ಕಡಿಯಿಂದ ಚಳಿ ಬಂದು ಮೈನಸ್ 20ಕ್ಕ ಇಳದ್ರ ಇಡೀ ಗುಡ್ಡ ಒಂದೇ ಐಸ್ ಆಗ್ತದ. ಕೊಲೊರಾಡೊ ಸಮುದ್ರದಿಂದ ದೂರ, ಎತ್ತರ, ಒಣ ಹವಾ, ಅಲ್ಲಿ ಹಿಂಗ ಆಗೋದು ಕಡಿಮಿ, ಹಿಮ ಪುಡಿಪುಡಿಯಾಗೇ ಇರ್ತದ. ಇಲ್ಲಿ ನೀರು ಮತ್ತ ಹವಾ ಪ್ರೆಶರ್ ಸೇರ್ಸಿ ಗನ್‌ದಿಂದ ಹಿಮ ಮಾಡಿ ಹಾಕ್ತಾರ, ಅದು ಆಕಾಶದ ಹಿಮಕ್ಕಿಂತ ಗಟ್ಟಿ. ರಾತ್ರಿ ಗ್ರೂಮರ್ ಮಷೀನ್ ಅದನ್ನ ಹದ ಮಾಡಿರ್ತದ, ಬೆಳಗ್ಗೆ ಮಂದಿ ಇಳದು ಇಳದು ಮ್ಯಾಲಿನ ಮೆತ್ತನ ಪದರ ಬಗಲಿಗೆ ಹೋಗ್ತದ, ಹನ್ನೊಂದು ಗಂಟೆಕ್ಕೆಲ್ಲ ನಡುವ ನೀಲಿ ಐಸ್ ಕಾಣ್ತದ. ಮನಿ ಮುಂದಿನ ಶಹಾಬಾದ್ ಫರ್ಸಿ ಮ್ಯಾಲ ಸಾಬೂನ್ ನೀರು ಚೆಲ್ಲಿ ಓಡ್ರಿ ಅಂದ್ರ ಹ್ಯಾಂಗಾಗ್ತದ, ಹಂಗ, ಅದೂ 35 ಡಿಗ್ರಿ ಇಳಿಜಾರಿನಾಗ.

ಆ ಐಸ್ ಮ್ಯಾಲ ಸ್ಕೀ ಅಂಚು ಹರತಿರ್ಬೇಕು. ಅಂಚು ಹಿಡೀತಂದ್ರ ಕರ್ರ್ ಅಂತ ಸಪ್ಪಳ ಬರ್ತದ, ಆ ಸಪ್ಪಳ ಇರೋ ತನಕ ಧೈರ್ಯ. ಸಪ್ಪಳ ನಿಂತ್ರ ನೀವು ಜಾರ್ಲತ್ತೀರಿ ಅಂತ ಅರ್ಥ.

ಲೆಕ್ಕದ ಮಾಸ್ತರ (ಯಾದಗಿರಿ)

ನಾನು ಸ್ಕೀ ಕಂಡವನಲ್ಲ, ಯಾದಗಿರಿ ಕೋಟೆ ಗುಡ್ಡ ಹತ್ತಿ ಇಳಿದವನು. ಆದರೂ ಓದ್ಲಿಕ್ಕ ಛಂದ ಅನಸ್ತು. ಎರಡು ಪ್ರಶ್ನೆ ಅವ. ಒಂದು, 35 ಡಿಗ್ರಿ ಅಂತೀರಿ, ಕೆಲವು ಕಡಿ ಶೇಕಡಾದಾಗ ಬರೆದಿರ್ತಾರ. 45 ಡಿಗ್ರಿ ಅಂದ್ರ ಶೇಕಡಾ 100, ಮುಂದ ಹೋದಷ್ಟೇ ಕೆಳಗ ಇಳಿಯೋದು. 35 ಡಿಗ್ರಿ ಅಂದ್ರ ಶೇಕಡಾ 70. ಎರಡೂ ಕಲಸಿ ಹೇಳಿದ್ರ ಟ್ರೈಲ್ ಇದ್ದದ್ದಕ್ಕಿಂತ ಕಡಿದು ಅನಸ್ತದ, ಯಾವ ಲೆಕ್ಕ ಅಂತ ಸ್ಪಷ್ಟ ಹೇಳ್ರಿ. ಎರಡು, ಕಠಿಣ ಟ್ರೈಲ್‌ಗೆ ಕಪ್ಪು ಗುರುತು ಹಾಕ್ತಾರಂತಲ್ಲ, ಹಂಗಿದ್ರ ಈ ಚರ್ಚೆ ಯಾಕ ಬೇಕು? ಗುರುತು ನೋಡಿದ್ರ ಮುಗೀತಲ್ಲ?

ಸೇಡಂ ಅಕ್ಕ

ಮಾಸ್ತರ್, ಭಾಳ ಸರಿಯಾದ್ದು ಕೇಳಿದ್ರಿ. ಹಸಿರು ವೃತ್ತ ಸುಲಭ, ನೀಲಿ ಚೌಕ ನಡುವಿಂದು, ಕಪ್ಪು ಡೈಮಂಡ್ ಕಠಿಣ, ಎರಡು ಡೈಮಂಡ್ ಇನ್ನೂ ಕಠಿಣ. ಆದ್ರ ಇದನ್ನ ಇಡೀ ದೇಶಕ್ಕ ಒಂದೇ ಅಳತಿ ಇಟ್ಟು ಯಾರೂ ಕೊಡಂಗಿಲ್ಲ. ಆಯಾ ಗುಡ್ಡದವ್ರು ತಮ್ಮ ಗುಡ್ಡದಾಗಿನ ಬಾಕಿ ಟ್ರೈಲ್ ಜೊತಿ ಹೋಲಿಸಿ ತಾವೇ ಹಾಕ್ತಾರ. ಕನೆಕ್ಟಿಕಟ್‌ದಾಗ ಸಣ್ಣ ದಿಬ್ಬದ ಮ್ಯಾಲಿನ ಕಪ್ಪು ಡೈಮಂಡ್ ಸ್ಟೋಕ್ಕ ಒಯ್ದಿಟ್ರ ನೀಲಿ ಚೌಕ ಆಗ್ತದ. ಸ್ಮಗ್ಲರ್ಸ್ ನಾಚ್‌ದಾಗ ಬ್ಲ್ಯಾಕ್ ಹೋಲ್ ಅಂತ ಒಂದು ಅದ, ಅದಕ್ಕ ಮೂರು ಡೈಮಂಡ್ ಕೊಟ್ಟಾರ. ಗಿಡದ ನಡುವ ಹೋಗೋದು, ಕಡಿದು ಅದ ಖರೇ, ಆದ್ರ ಮೂರು ಡೈಮಂಡ್ ಅನ್ನೋದು ಆ ಗುಡ್ಡದವ್ರು ತಾವೇ ಕೊಟ್ಟಿದ್ದು. ಪ್ಯಾರಡೈಸ್‌ಗಿಂತ ಒಂದು ಡೈಮಂಡ್ ಹೆಚ್ಚು ಕಠಿಣ ಅಂತ ಅದರ ಅರ್ಥ ಅಲ್ಲ. ಅದಕ್ಕೇ ಮಂದಿ ಹಿಂಗ ಕುಂತು ವಾದ ಮಾಡೋದು.

ಮಾವನ ಮಗ

ನನ್ನ ಬಗ್ಗೆನೇ ಮಾತು ನಡದದ, ನಾನೂ ಹೇಳ್ತೀನಿ.

ಔಟರ್ ಲಿಮಿಟ್ಸ್ ಬೇರ್ ಮೌಂಟನ್ ಮ್ಯಾಲ ಅದ. ಸುಮಾರು 1,200 ಅಡಿ ಇಳಿತ, ಮ್ಯಾಲಿಂದ ಕೆಳಗ ತನಕ ಒಂದೇ ಸಮ ಮೊಗಲ್. ಅಗಲ ಅದ, ಎಲ್ಲ ಕಾಣ್ತದ, ಗಿಡ ಇಲ್ಲ, ಇದು ಖರೇ. ಆದ್ರ ಕಾಣ್ತದ ಅಂತ ಸುಲಭ ಹ್ಯಾಂಗಾಗ್ತದ? ಗೋಟ್‌ದಾಗ ನೀ ನಾಲ್ಕು ತಿರುವು ಮಾಡಿ ಬಗಲಿಗೆ ನಿಂತು ದಾರಿ ಹುಡುಕ್ತಿ, ಯಾರೂ ಏನೂ ಅನ್ನಂಗಿಲ್ಲ. ಔಟರ್ ಲಿಮಿಟ್ಸ್‌ದಾಗ ಮೊಗಲ್ ಒಂದಕ್ಕ ಒಂದು ಹತ್ತಿ ಕುಂತಾವ, ಒಂದು ತಪ್ಪಿದ್ರ ಮುಂದಿಂದು ತಪ್ತದ, ಅದರ ಮುಂದಿಂದು ನಿನ್ನ ಎತ್ತಿ ಒಗೀತದ. ಮೊಣಕಾಲು ಸ್ಪ್ರಿಂಗ್ ಆಡಿದಂಗ ಆಡ್ಬೇಕು, ತಲಿ ಮತ್ತ ಭುಜ ಅಲುಗಾಡ್ಬಾರ್ದು. ಪ್ರತಿ ವರ್ಷ ಏಪ್ರಿಲ್ ಹೊತ್ತಿಗೆ ಅಲ್ಲಿ ಮೊಗಲ್ ಸ್ಪರ್ಧೆ ಇಡ್ತಾರ, ಕೆಳಗ ನೂರಾರು ಮಂದಿ ನಿಂತು ನೋಡ್ತಾರ. ನಿಲ್ಲದಂಗ ಮ್ಯಾಲಿಂದ ಕೆಳಗ ತನಕ ಒಂದೇ ದಮ್ಮಿಗೆ ಇಳಿಯೋದು ಅಂತಾದ್ರ ಔಟರ್ ಲಿಮಿಟ್ಸೇ ಕಠಿಣ, ಇದನ್ನ ನಾ ಬಿಡಂಗಿಲ್ಲ.

ಮತ್ತ ಕಿಲ್ಲಿಂಗ್ಟನ್‌ನ ಸಣ್ಣದು ಮಾಡಿ ನೋಡ್ಬ್ಯಾಡ್ರಿ. 2016ರಾಗ ಹೆಣ್ಮಕ್ಕಳ ಸ್ಕೀ ವರ್ಲ್ಡ್ ಕಪ್ ರೇಸ್ ಅಲ್ಲಿಗೆ ಬಂತು, ಸೂಪರ್‌ಸ್ಟಾರ್ ಅನ್ನೋ ಟ್ರೈಲ್ ಮ್ಯಾಲ ನಡೀತು. ಸ್ಕೀ ರೇಸರ್ ಮಿಕೇಲಾ ಶಿಫ್ರಿನ್ ಓದಿದ್ದೇ ವರ್ಮಾಂಟ್‌ದಾಗಿನ ಬರ್ಕ್ ಸ್ಕೀ ಶಾಲೆದಾಗ. ಬೋಡ್ ಮಿಲ್ಲರ್ ಬೆಳೆದಿದ್ದು ನ್ಯೂ ಹ್ಯಾಂಪ್‌ಶೈರ್‌ದಾಗ ಕ್ಯಾನನ್ ಗುಡ್ಡದ ಮ್ಯಾಲ. ಈ ಸಣ್ಣ ಗುಡ್ಡದಾಗ ಐಸ್ ಮ್ಯಾಲ ಕಲ್ತವ್ರು ಒಲಿಂಪಿಕ್ ಬಂಗಾರ ತಂದಾರ.

ಬೀದರ್ ಫೌಜಿ

ಈಗ ಸಮಜ್ ಆತು. ಐಸ್ ಅಂದ್ರ ನಂಗೂ ಗೊತ್ತದ. ಗುಲ್ಮಾರ್ಗ್‌ದಾಗ ಮಾರ್ಚ್ ಕೊನಿಗೆ ಮಧ್ಯಾಹ್ನ ಕರಗಿ ರಾತ್ರಿ ಹೆಪ್ಪಾಗಿ ಬೆಳಗ್ಗೆ ಎದ್ದು ನೋಡಿದ್ರ ಕಲ್ಲು ಆಗಿರ್ತಿತ್ತು, ಆವಾಗ ಉಸ್ತಾದ್ ನಮ್ಮನ್ನ ಹತ್ತು ಗಂಟೆ ತನಕ ಮ್ಯಾಲ ಬಿಡ್ತಿರಲಿಲ್ಲ, ಬಿಸಲು ತಾಗಿ ಮ್ಯಾಲಿನ ಪದರ ಮೆತ್ತಗಾದ ಮ್ಯಾಲೇ ಕಳಸ್ತಿದ್ರು. ನೀವು ಇಡೀ ಸೀಜನ್ ಅದರ ಮ್ಯಾಲೇ ಇಳೀತೀರಿ ಅಂದ್ರ ಎತ್ತರದ ಮಾತು ಬಿಟ್ಟೆ.

ಶಹಾಪುರದಾಂವ

ಎಲ್ಲರೂ ಲಿಫ್ಟ್ ಇದ್ದ ಗುಡ್ಡದ ಮಾತೇ ಆಡ್ಲತ್ತೀರಿ. ಟಕರ್‌ಮನ್ ರವೀನ್ ಯಾಕ ಯಾರೂ ಎತ್ತಲಿಲ್ಲ? ಮೌಂಟ್ ವಾಷಿಂಗ್ಟನ್ ಪೂರ್ವ ಮೈಯಾಗ ಬೋಗುಣಿ ಆಕಾರದ ದೊಡ್ಡ ಕೊರಕಲು. ಲಿಫ್ಟ್ ಇಲ್ಲ, ಗ್ರೂಮರ್ ಇಲ್ಲ. ಪಿಂಕಮ್ ನಾಚ್‌ದಿಂದ ಸ್ಕೀ ಬೆನ್ನಿಗೆ ಕಟ್ಕೊಂಡು ಎರಡೂವರೆ ಮೈಲಿ ಹತ್ತಿರತ್ತಿರ ನಡದ್ರ ಹರ್ಮಿಟ್ ಲೇಕ್, ಅಲ್ಲಿಂದ ಮತ್ತ ಕೊರಕಲು ಒಳಗ. ಆಮ್ಯಾಲ ಇಳಿಯೋ ಗ್ವಾಡಿನ ಮೊದ್ಲು ಬೂಟಿನ ತುದಿಲೆ ಒದ್ದು ಒದ್ದು ಮೆಟ್ಟಲು ಮಾಡ್ಕೋತ ಹತ್ತಬೇಕು. ಮಾಸ್ತರ್ ಕೇಳಿದಂಗ ಸ್ಪಷ್ಟ ಹೇಳ್ತೀನಿ, 40ರಿಂದ 55 ಡಿಗ್ರಿ, ಶೇಕಡಾ ಅಲ್ಲ, ಡಿಗ್ರಿ. ಹತ್ತುವಾಗ ಮೂಗಿನ ಮುಂದೇ ಹಿಮ ಇರ್ತದ, ಕೈ ಚಾಚಿದ್ರ ತಾಗ್ತದ.

ನಾ ಹುಟ್ಟಿ ಬೆಳೆದಿದ್ದು ಶಹಾಪುರ ಬುದ್ಧ ಮಲಗಿದ ಗುಡ್ಡದ ಕೆಳಗ, ಬಂಡಿ ಹತ್ತೋದು ಸಣ್ಣಂದಿನಿಂದ ರೂಢಿ, ಬಂಡಿ ಕೈಗೆ ಹಿಡಿತ ಕೊಡ್ತದ. ಟಕರ್‌ಮನ್‌ದಾಗ ನೀವು ಮಾಡ್ಕೊಂಡ ಮೆಟ್ಟಲೇ ನಿಮ್ಮ ಹಿಡಿತ.

ನಮ್ಮ ಊರಾಗ ಏಪ್ರಿಲ್ ಕೊನಿ ಮೇ ತಿಂಗಳು ಬೆಂಕಿ ಸುರೀತಿರ್ತದಲ್ಲ, ಅದೇ ಹೊತ್ತಿಗೆ ಅಲ್ಲಿ ಸೀಜನ್. ಬಾಕಿ ಗುಡ್ಡದಾಗ ಹಿಮ ಕರಗಿ ಲಿಫ್ಟ್ ಬಂದ್ ಆಗಿರ್ತಾವ, ಇಲ್ಲಿ ಗಾಳಿ ಇಡೀ ಚಳಿಗಾಲ ಶಿಖರದ ಮ್ಯಾಲಿನ ಹಿಮ ತಂದು ಕೊರಕಲಿಗೆ ತುಂಬಿರ್ತದ. ಆ ಶಿಖರದ ಗಾಳಿ ಸಾಮಾನ್ಯದ್ದಲ್ಲ, 1934ರಾಗ ಏಪ್ರಿಲ್ 12ಕ್ಕ ತಾಸಿಗೆ 231 ಮೈಲಿ ಅಂತ ಅಳತಿ ಮಾಡಿ ಬರ್ದಿಟ್ಟಾರ. 1939ರಾಗ ಇನ್‌ಫರ್ನೊ ಅಂತ ರೇಸ್ ಆತು, ಶಿಖರದಿಂದ ಪಿಂಕಮ್ ನಾಚ್ ತನಕ. ಟೋನಿ ಮ್ಯಾಟ್ ಅಂತ ಆಸ್ಟ್ರಿಯಾ ಹುಡ್ಗ, 19 ವರ್ಷದವ, ಹೆಡ್‌ವಾಲ್ ಅನ್ನೋ ಆ ಗ್ವಾಡಿನ ಒಂದೂ ತಿರುವು ಮಾಡದಂಗ ನೆಟ್ಟಗ ಇಳದ. ಆರೂವರೆ ನಿಮಿಷಕ್ಕ ಪೂರಾ ಗುಡ್ಡ ಮುಗೀತು. ಇಷ್ಟು ವರ್ಷ ಆದ್ರೂ ಅಲ್ಲಿ ಸ್ಕೀ ಮಾಡಾವ್ರು ಅದನ್ನ ನೆನಸ್ತಾರ.

ಗಂಜ್ ಹುಡ್ಗ (ಕಲಬುರಗಿ)

ಟಕರ್‌ಮನ್ ದೊಡ್ಡದು, ನಾ ಇಲ್ಲ ಅನ್ನಂಗಿಲ್ಲ. ಆದ್ರ ಅದನ್ನ ಟ್ರೈಲ್ ಅನ್ಬೇಕೇನು? ಟ್ರೈಲ್ ಅಂದ್ರ ಗಿಡ ಕಡಿದು ದಾರಿ ಮಾಡಿ, ಗುರುತು ಹಾಕಿ, ಸ್ಕೀ ಪ್ಯಾಟ್ರೋಲ್‌ನವ್ರು (ಗುಡ್ಡದ ಕಾವಲಿನವ್ರು) ಬೆಳಗ್ಗೆ ನೋಡಿ ತೆಗೆಯೋದು. ಟಕರ್‌ಮನ್‌ದಾಗ ಬೆಳಗ್ಗೆ ಅವಲಾಂಚ್ ಬುಲೆಟಿನ್ ಓದಿ ಹೋಗೋದೋ ಬಿಡೋದೋ ನೀವೇ ತೀರ್ಮಾನ ಮಾಡ್ಬೇಕು. ಗಿಡದ ಸಂದಿ, ಮಷೀನ್ ಹಿಮ, ಲಿಫ್ಟಿನ ಮಂದಿ, ಇವೆಲ್ಲ ಇದ್ದಲ್ಲಿ ಯಾವುದು ಕಠಿಣ ಅನ್ನೋದು ನನ್ನ ಪ್ರಶ್ನೆ. ಎರಡೂ ಒಂದೇ ತಕ್ಕಡಿಗೆ ಹಾಕಿದ್ರ ಉತ್ತರ ಸಿಗಂಗಿಲ್ಲ.

ಶಹಾಪುರದಾಂವ

ಸರಿ, ಬ್ಯಾರೆ ಇಡ್ರಿ. ಆದ್ರ ಬ್ಯಾರೆ ಇಟ್ಟು ಮರೀಬ್ಯಾಡ್ರಿ. ಅಲ್ಲಿ ವಸಂತದಾಗ ಮ್ಯಾಲಿಂದ ಕಾರಿನಷ್ಟು ಐಸ್ ತುಂಡು ಬೀಳ್ತಾವ, ಹಿಮದ ಕೆಳಗ ನೀರು ಹರದು ಪೊಳ್ಳು ಆಗಿರ್ತದ, ಬಿರುಕು ಬಾಯಿ ಬಿಟ್ಟಿರ್ತಾವ. ಲಿಫ್ಟ್ ಗುಡ್ಡದಾಗ ಎರಡು ಡೈಮಂಡ್ ಇಳದೀನಿ ಅಂತ ಧೈರ್ಯ ಮಾಡಿ ಇಲ್ಲಿಗೆ ಬರೋ ಹುಡುಗ್ರನ್ನ ನೋಡಿದ್ರ ನಂಗ ಖರೇನೇ ಸಂಕಟ ಆಗ್ತದ. ನಮ್ಮ ಊರಿನ ಹುಡುಗ್ರು ಯಾರರೆ ಹೋಗಾವ್ರಿದ್ರ ಗೊತ್ತಿದ್ದವ್ರ ಜೊತಿ ಹೋಗ್ರಿ, ಬುಲೆಟಿನ್ ಓದಿ ಹೋಗ್ರಿ.

ಹುಮನಾಬಾದ್ ಹುಡ್ಗಿ

ನಾ ಆಲ್ಬನಿದಾಗ ಓದ್ಲತ್ತೀನಿ. ವೈಟ್‌ಫೇಸ್ ಗುಡ್ಡ ಬಿಟ್ರಿ ನೀವು. ನ್ಯೂಯಾರ್ಕ್ ರಾಜ್ಯ ಅಂತ ಲೆಕ್ಕಕ್ಕ ತಗೊಳ್ಳಲಿಲ್ಲೇನೋ. 1980ರ ಚಳಿಗಾಲದ ಒಲಿಂಪಿಕ್‌ದಾಗ ಗುಡ್ಡದ ಸ್ಕೀ ರೇಸ್ ಎಲ್ಲ ಅಲ್ಲೇ ಆಗಿದ್ದು. ಇಳಿತ 3,430 ಅಡಿ, ಪೂರ್ವ ಅಮೆರಿಕಾದಾಗ ಅಷ್ಟು ಇಳಿತ ಬ್ಯಾರೆ ಯಾವ ಸ್ಕೀ ಗುಡ್ಡಕ್ಕೂ ಇಲ್ಲ. ಮ್ಯಾಲ ಸ್ಲೈಡ್ಸ್ ಅಂತ ಅವ, ಹಿಂದ ಗುಡ್ಡ ಕುಸಿದು ಬಂಡಿ ಮೈ ತೆರಕೊಂಡ ಜಾಗಾ, ಗಿಡನೇ ಇಲ್ಲ. ಹಿಮ ಸಾಕಷ್ಟು ಕೂತು ಪ್ಯಾಟ್ರೋಲ್‌ನವ್ರು ಸರಿ ಅಂದ ದಿನ ಮಾತ್ರ ಬಿಡ್ತಾರ, ಎಷ್ಟೋ ಸರ್ತಿ ಇಡೀ ತಿಂಗಳು ಹಗ್ಗ ಕಟ್ಟಿರ್ತಾರ. ಟಕರ್‌ಮನ್ ಮತ್ತ ಲಿಫ್ಟ್ ಗುಡ್ಡ ಎರಡರ ನಡುವಿಂದು ಇದು. ಸ್ಲೈಡ್ಸ್ ನಾ ಇಳದಿಲ್ಲ, ಲಿಫ್ಟ್‌ದಾಗ ಕುಂತು ನೋಡೀನಿ, ಇಳಿಯೋ ಮನಸಂತೂ ಅದ. ಅಕ್ಕಾ, ಗೋಟ್, ಪ್ಯಾರಡೈಸ್ ಇವಕ್ಕ ಹೋಗೋ ಮುಂದ ಏನು ಕಲೀಬೇಕು ಹೇಳ್ರಿ. ನೀಲಿ ಚೌಕ ಎಲ್ಲ ಆರಾಮ್ ಇಳೀತೀನಿ, ಕಪ್ಪು ಗ್ರೂಮ್ ಮಾಡಿದ್ದಿದ್ರ ಇಳೀತೀನಿ.

ಸೇಡಂ ಅಕ್ಕ

ತಂಗಿ, ಭಾಳ ಖುಷಿ ಆತು ನೋಡು. ಗ್ರೂಮ್ ಮಾಡಿದ ಕಪ್ಪು ಇಳಿಯೋದು ಮತ್ತ ಗೋಟ್ ಇಳಿಯೋದು ಎರಡೂ ಬ್ಯಾರೆ ವಿದ್ಯಾ. ಗ್ರೂಮ್ ಮಾಡಿದ್ದರ ಮ್ಯಾಲ ನಿನ್ನ ತಿರುವಿನ ಅಳತಿ ನೀ ತೀರ್ಮಾನ ಮಾಡ್ತಿ, ಗೋಟ್‌ದಾಗ ಗುಡ್ಡ ತೀರ್ಮಾನ ಮಾಡ್ತದ.

ಮೊದ್ಲು ಸಣ್ಣ ಮೊಗಲ್ ಇದ್ದ ನೀಲಿ ಟ್ರೈಲ್ ಹುಡುಕ್ಕೋ, ಅಲ್ಲೇ ನಿಧಾನಕ್ಕ ಸಣ್ಣ ಸಣ್ಣ ತಿರುವು ಕಲಿ. ಆಮ್ಯಾಲ ಸ್ಟೋಕ್ಕ ಬಾ. ಅಲ್ಲಿ ಫ್ರಂಟ್ ಫೋರ್ ಅಂತ ನಾಲ್ಕು ಅವ, ನ್ಯಾಷನಲ್, ಲಿಫ್ಟ್‌ಲೈನ್, ಸ್ಟಾರ್, ಗೋಟ್. ನಾಲ್ಕೂ ಎರಡು ಡೈಮಂಡ್, ಆದ್ರ ನಾಲ್ಕೂ ಒಂದೇ ಅಲ್ಲ. ನ್ಯಾಷನಲ್, ಲಿಫ್ಟ್‌ಲೈನ್ ಅಗಲ ಅವ, ಮಷೀನ್ ಹಿಮ ಹಾಕ್ತಾರ, ಕೆಲವು ದಿನ ಮ್ಯಾಲಿಂದ ತಂತಿ ಕಟ್ಟಿ ಗ್ರೂಮರ್ ಇಳಿಸಿ ಹದ ಮಾಡಿರ್ತಾರ. ಅಂಥ ದಿನ ನೋಡಿ ಅವನ್ನ ಇಳಿ. ಆಮ್ಯಾಲ ಶುಗರ್‌ಬುಷ್‌ದಾಗ ಕ್ಯಾಸಲ್‌ರಾಕ್, ಅದು ಸಣ್ಣ ಓಣಿ, ಅಲ್ಲಿ ಗಿಡದ ನಡುವ ಇಳಿಯೋ ರೂಢಿ ಆಗ್ತದ. ಸ್ಟಾರ್ ಬಾಯಾಗ ನಿಂತ್ರ ಕೆಳಗಿನ ಇಳಿಜಾರೇ ಕಾಣಂಗಿಲ್ಲ, ಅಂಚು ದಾಟಿದ ಮ್ಯಾಲೇ ಕಾಣ್ತದ, ಅದಕ್ಕ ಮನಸು ಗಟ್ಟಿ ಬೇಕು. ಗೋಟ್ ಕಡಿಗೆ ಇಟ್ಕೋ. ಪ್ಯಾರಡೈಸ್ ಅದರ ಮುಂದ.

ಇನ್ನೊಂದು. ಯಾವ ದಿನ ಅನ್ನೋದು ಯಾವ ಟ್ರೈಲ್ ಅನ್ನೋದಕ್ಕಿಂತ ದೊಡ್ಡದು. ಗೋಟ್ ಮ್ಯಾಲ ಮೆಷಿನ್ ಹಿಮ ಇರಂಗಿಲ್ಲ, ರಾತ್ರಿ ಒಂದು ಅಡಿ ಹೊಸ ಹಿಮ ಬಿದ್ದ ಮುಂಜಾನಿ ಇಳದ್ರ ನಿನಗ ಕುಣೀಬೇಕು ಅನಸ್ತದ. ಮಳಿ ಬಂದು ಹೆಪ್ಪಾದ ಎರಡನೇ ದಿನ ಅದೇ ಗೋಟ್ ಮ್ಯಾಲ ಬಂಡಿ ಕಾಣ್ತಿರ್ತಾವ, ಮೊಗಲ್ ಎಲ್ಲ ಗಾಜಾಗಿರ್ತಾವ, ನಾ ಆ ದಿನ ಕೆಳಗಿನ ನೀಲಿ ಟ್ರೈಲ್‌ದಾಗ ಅಡ್ಡಾಡಿ ಮನಿಗೆ ಬರ್ತೀನಿ. ಗಿಡದ ನಡುವ ಒಬ್ಬಾಕಿನೇ ಹೋಗ್ಬ್ಯಾಡ. ಸ್ಪ್ರೂಸ್ ಗಿಡದ ಬುಡಕ್ಕ ಟೊಂಗಿ ಕೆಳಗ ಪೊಳ್ಳು ಇರ್ತದ, ಮ್ಯಾಲ ಹಿಮ ಮುಚ್ಚಿರ್ತದ, ಒಳಗ ಬಿದ್ರ ಎದ್ದು ಬರೋದು ಕಷ್ಟ, ಕೂಗಿದ್ರೂ ಕೇಳಂಗಿಲ್ಲ. ಜೊತಿ ಇಬ್ರು ಇರ್ಲಿ, ಒಬ್ಬರಿಗೊಬ್ಬರು ಕಾಣೋ ಅಂತರದಾಗ ಇಳೀರಿ. ಹೊರಡೋ ಹಿಂದಿನ ರಾತ್ರಿ ಸ್ಕೀ ಅಂಚು ಹರತ ಮಾಡಿಸ್ಕೊಂಡಿರು.

ಮಾವನ ಮಗ

ಅಕ್ಕಾ ಹೇಳಿದ ದಿನದ ಮಾತು ನಂಗ ಪೂರಾ ಒಪ್ಪಿಗಿ. ಇದೇ ಕಾರಣಕ್ಕ ನಾ ಔಟರ್ ಲಿಮಿಟ್ಸ್ ಅನ್ನೋದು. ಅಲ್ಲಿ ಮಷೀನ್ ಹಿಮ ದಪ್ಪ ಹಾಕಿರ್ತಾರ, ಫೆಬ್ರವರಿದಾಗ ಹೋದ್ರೂ ಏಪ್ರಿಲ್‌ದಾಗ ಹೋದ್ರೂ ಮೊಗಲ್ ಇದ್ದೇ ಇರ್ತಾವ, ಯಾವತ್ತು ಹೋದ್ರೂ ಕಠಿಣ. ಗೋಟ್ ಹೊಸ ಹಿಮದಾಗ ಮೆತ್ತಗಾಗ್ತದ ಅಂತ ನೀವೇ ಅಂದ್ರಿ.

ಗಂಜ್ ಹುಡ್ಗ (ಕಲಬುರಗಿ)

ಮೆತ್ತಗಾದ ದಿನನೂ ಅದು ಬಗಲಿಗೆ ವಾಲೋದು ಬಿಡಂಗಿಲ್ಲ, ಅಗಲನೂ ಆಗಂಗಿಲ್ಲ. ಎಲ್ಲರ ಮಾತು ಓದಿದ ಮ್ಯಾಲ ನನ್ನ ಲೆಕ್ಕ ಇದು. ಲಿಫ್ಟ್ ಇದ್ದಲ್ಲಿ ಮೊದ್ಲು ಪ್ಯಾರಡೈಸ್, ಅಕ್ಕ ಹೇಳಿದ ಆ ಐಸ್ ಗ್ವಾಡಿ ಗೋಟ್‌ದಾಗ ಇಲ್ಲ. ಆಮ್ಯಾಲ ಗೋಟ್, ಆಮ್ಯಾಲ ಸ್ಟಾರ್, ಆಮ್ಯಾಲ ಔಟರ್ ಲಿಮಿಟ್ಸ್. ಟಕರ್‌ಮನ್ ಬ್ಯಾರೆ. ಸ್ಲೈಡ್ಸ್ ಇಳದವ್ರು ಯಾರರೆ ಬಂದು ಹೇಳೋ ತನಕ ಆ ಜಾಗಾ ಖಾಲಿ ಇಡೋಣು.

ಲೆಕ್ಕದ ಮಾಸ್ತರ (ಯಾದಗಿರಿ)

ಅಗಲ ಎಷ್ಟು, ಬಗಲಿಗೆ ವಾಲಿದ್ದು ಎಷ್ಟು ಡಿಗ್ರಿ, ಇವೆರಡು ಬರದು ಹಾಕ್ರಿ. ಕೆಳಗಿನ ಇಳಿಜಾರು ಒಂದನ್ನೇ ಎಲ್ಲರೂ ಹೇಳ್ಲತ್ತೀರಿ, ನಿಮ್ಮ ಮಾತಿನ ಪ್ರಕಾರ ಕಠಿಣ ಮಾಡೋದು ಆ ಎರಡೇ.

ಮಾವನ ಮಗ

ಬರೋ ಚಳಿಗಾಲ ಅಳತಿ ಟೇಪ್ ತಗೊಂಡೇ ಹೋಗ್ತೀವಿ ಮಾಸ್ತರ್, ಫೋನಿನಾಗ ಇಳಿಜಾರು ಅಳಿಯೋ ಆ್ಯಪೂ ಅದ. ಮೊದ್ಲು ಗೋಟ್, ಮರುದಿನ ಔಟರ್ ಲಿಮಿಟ್ಸ್, ಎರಡರದ್ದೂ ಇಲ್ಲೇ ಬರದು ಹಾಕ್ತೀವಿ. ಹುಮನಾಬಾದ್ ತಂಗಿ, ಆಲ್ಬನಿಯಿಂದ ಕಿಲ್ಲಿಂಗ್ಟನ್ ದೂರಿಲ್ಲ, ಜೊತಿಗೆ ಬಾ.